ಆರ್‌ಎಕ್ಸ್100 ಕೊಟ್ಟು ಆರ್‌ಡಿ350 ತರುವ ಮುನ್ನ: ಹಳೆ ಯಮಹಾಗಳ ಅದಲುಬದಲಿಗೆ ಸಮಗ್ರ ಮಾರ್ಗದರ್ಶಿ

"ನಿಮ್ಮ ಆರ್‌ಎಕ್ಸ್ ಕೊಡಿ, ಮೇಲೆ ಒಂದಿಷ್ಟು ದುಡ್ಡು ಹಾಕಿ, ನನ್ನ ಆರ್‌ಡಿ ತಗೊಂಡು ಹೋಗಿ."

ಹಳೆ ಯಮಹಾ ಬೈಕು ಇಟ್ಟುಕೊಂಡವರಿಗೆ ಈ ಮಾತು ಒಂದಲ್ಲ ಒಂದು ದಿನ ಕೇಳಿಬರುತ್ತದೆ. ನನಗೂ ಕೇಳಿಬಂತು. ನನ್ನದು 1989ರ ಆರ್‌ಎಕ್ಸ್100, ಹದಿನಾಲ್ಕು ವರ್ಷದಿಂದ ನನ್ನ ಕೈಯಲ್ಲಿದ್ದದ್ದು. ಎದುರಿನವರದು 1986ರ ರಾಜದೂತ್ ಆರ್‌ಡಿ350. ಉತ್ತರ ಕೊಡುವುದಕ್ಕೆ ನನಗೆ ಐದು ವಾರ ಬೇಕಾಯಿತು. ಆ ಐದು ವಾರ ನಾನು ಏನೇನು ನೋಡಿದೆ, ಯಾವ ಕ್ರಮದಲ್ಲಿ ನೋಡಿದೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇಂಥ ವ್ಯವಹಾರದಲ್ಲಿ ಕೈ ಬದಲಾಗುವುದು ಗಾಡಿಯಷ್ಟೇ ಅಲ್ಲ. ನಿಮ್ಮ ಗಾಡಿಯ ರೋಗಗಳೆಲ್ಲ ನಿಮಗೆ ಗೊತ್ತು, ಬರುವ ಗಾಡಿಯ ರೋಗ ಒಂದೂ ಗೊತ್ತಿಲ್ಲ. ಆ ಅಂತರವನ್ನು ಕಡಿಮೆ ಮಾಡಿಕೊಳ್ಳದೆ ಕೈ ಕುಲುಕಬೇಡಿ. ಕೆಳಗಿನ ಹೆಜ್ಜೆಗಳೆಲ್ಲ ಇರುವುದು ಅದಕ್ಕಾಗಿಯೇ.

ಹೆಜ್ಜೆ 1: ಎರಡು ಗಾಡಿಗಳ ಜಾತಕ

ಎರಡೂ ಯಮಹಾ, ಎರಡೂ ಟೂ-ಸ್ಟ್ರೋಕ್, ಎರಡಕ್ಕೂ ರೀಡ್ ವಾಲ್ವ್ (ಒಳಗೆ ಬಂದ ಗಾಳಿ-ಪೆಟ್ರೋಲು ಹಿಂದಕ್ಕೆ ಹೋಗದಂತೆ ತಡೆಯುವ ತೆಳು ಪಟ್ಟಿ). ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ.

ಆರ್‌ಎಕ್ಸ್100 ಬಂದದ್ದು 1985ರಲ್ಲಿ. ಮೊದಲ ತಂಡದ ಗಾಡಿಗಳು ಜಪಾನಿನಿಂದ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದವು. 50 ಎಂಎಂ ಬೋರು (ಸಿಲಿಂಡರಿನ ಒಳ ಅಗಲ), 50 ಎಂಎಂ ಸ್ಟ್ರೋಕು (ಪಿಸ್ಟನ್ ಓಡುವ ದೂರ), ಒಟ್ಟು 98 ಸಿಸಿ. ಕುದುರೆಶಕ್ತಿ 11. ನಾಲ್ಕು ಗೇರು, ನೂರು ಕಿಲೋ ದಾಟಿ ಸ್ವಲ್ಪವೇ ತೂಕ. ಆ ತೂಕಕ್ಕೆ ಆ ಶಕ್ತಿ ಸೇರಿದ್ದರಿಂದಲೇ ಅದರ ಪಿಕಪ್‌ಗೆ ಅಷ್ಟು ಹೆಸರು. ತಯಾರಿಕೆ ನಿಂತದ್ದು 1996ರಲ್ಲಿ.

ಆರ್‌ಡಿ350 ಜಪಾನಿನಲ್ಲಿ ಹುಟ್ಟಿದ್ದು 1973ರಲ್ಲಿ. ಎಸ್ಕಾರ್ಟ್ಸ್ ಕಂಪನಿ ಅದನ್ನು 1983ರಿಂದ ರಾಜದೂತ್ ಹೆಸರಿನಲ್ಲಿ ನಮ್ಮಲ್ಲಿ ತಯಾರಿಸಿತು. ಅವಳಿ ಸಿಲಿಂಡರ್, 64 ಎಂಎಂ ಬೋರು, 54 ಎಂಎಂ ಸ್ಟ್ರೋಕು, 347 ಸಿಸಿ, ಆರು ಗೇರು. ಜಪಾನಿನ ಗಾಡಿಯ 39 ಕುದುರೆಶಕ್ತಿಯನ್ನು ಇಲ್ಲಿಯ ಇಂಧನದ ಲೆಕ್ಕಾಚಾರಕ್ಕಾಗಿ ತಗ್ಗಿಸಿದರು. ಹೈ ಟಾರ್ಕ್ ಅಂದರೆ ಎಚ್‌ಟಿ ಗಾಡಿಗೆ 30.5, ಆಮೇಲೆ ಬಂದ ಲೋ ಟಾರ್ಕ್ ಎಲ್‌ಟಿಗೆ 27. ಮುಂದಿನ ಚಕ್ರದ ಡಿಸ್ಕ್ ತೆಗೆದು ಡ್ರಮ್ ಬ್ರೇಕ್ ಹಾಕಿದರು. ಈ ಬ್ರೇಕಿನ ವಿಷಯ ನೆನಪಿರಲಿ, ಓಡಿಸಿ ನೋಡುವಾಗ ಬೇಕಾಗುತ್ತದೆ.

ಹೆಜ್ಜೆ 2: ಹೋದ ವರ್ಷ ನೀವು ಎಲ್ಲೆಲ್ಲಿ ಓಡಿಸಿದಿರಿ?

ಮುಂದೆ ಎಲ್ಲಿ ಓಡಿಸುವ ಆಸೆ ಎಂದು ಕೇಳುತ್ತಿಲ್ಲ. ಕಳೆದ ಹನ್ನೆರಡು ತಿಂಗಳಲ್ಲಿ ಹಳೆ ಗಾಡಿ ಎಷ್ಟು ಸಲ ಹೊರಗೆ ತೆಗೆದಿರಿ, ಪ್ರತಿ ಸಲ ಎಷ್ಟು ದೂರ ಹೋದಿರಿ ಎಂದು ಬರೆಯಿರಿ.

ನನ್ನ ಪಟ್ಟಿಯಲ್ಲಿ ತರಕಾರಿ, ಮಗಳ ಟ್ಯೂಷನ್, ಬ್ಯಾಂಕು ಇವೇ ತುಂಬಿದ್ದವು. ತಿಂಗಳಿಗೊಂದು ಭಾನುವಾರ ಮಾತ್ರ ಉದ್ದದ ಓಟ. ಆರ್‌ಡಿ ಇಂಥ ಸಣ್ಣಪುಟ್ಟ ಓಡಾಟಕ್ಕೆ ಹೇಳಿ ಮಾಡಿಸಿದ್ದಲ್ಲ. ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಪ್ಲಗ್ ಮಸಿ ಕಟ್ಟುತ್ತದೆ. ಪೆಟ್ರೋಲು ಲೀಟರಿಗೆ 20–25 ಕಿ.ಮೀ. ಕೊಟ್ಟರೆ ಖುಷಿಪಡಬೇಕು. ಇನ್ನೂ ಮುಖ್ಯವಾದದ್ದು ಕಿಡಿಯ ವ್ಯವಸ್ಥೆ. ಆರ್‌ಎಕ್ಸ್‌ನ ಕಿಡಿ, ಎಂಜಿನ್ ತಿರುಗುವಾಗ ತಾನೇ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊದಿಂದ ಬರುತ್ತದೆ, ಬ್ಯಾಟರಿ ಸತ್ತಿದ್ದರೂ ಒಂದು ಕಿಕ್ಕಿಗೆ ಎದ್ದು ನಿಲ್ಲುತ್ತದೆ. ಆರ್‌ಡಿಯದು ಬ್ಯಾಟರಿ, ಕಾಯಿಲ್, ಎರಡು ಜೊತೆ ಪಾಯಿಂಟು (ಕಿಡಿಯ ಸಮಯ ನಿರ್ಧರಿಸುವ ಸ್ವಿಚ್ಚು). ಬ್ಯಾಟರಿ ಕೈಕೊಟ್ಟರೆ ಇದ್ದಲ್ಲೇ ನಿಂತುಬಿಡುತ್ತದೆ.

ನಿಮ್ಮ ಬಳಿ ದಿನದ ಓಡಾಟಕ್ಕೆ ಬೇರೆ ಗಾಡಿ ಇಲ್ಲದಿದ್ದರೆ ಇಲ್ಲೇ ನಿಲ್ಲಿ, ಮುಂದಿನ ಹೆಜ್ಜೆಗಳು ಬೇಡ. ನನ್ನ ಬಳಿ ಸ್ಕೂಟರ್ ಇತ್ತು, ಹಾಗಾಗಿ ಮುಂದುವರಿದೆ.

ಹೆಜ್ಜೆ 3: ಕಾಗದ ಮೊದಲು, ಎಂಜಿನ್ ಆಮೇಲೆ

ಶಬ್ದ ಕೇಳಿದ ಮೇಲೆ ಕಾಗದ ನೋಡುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಅದಕ್ಕೇ ಗಾಡಿ ನೋಡಲು ಹೋಗುವ ಮೊದಲು ಆರ್‌ಸಿಯ ಫೋಟೊ ತರಿಸಿಕೊಳ್ಳಿ.

ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಆರ್‌ಟಿಒಗೆ ಒಯ್ದು, ಫಾರಂ 25 ಕೊಟ್ಟು, ಹಸಿರು ತೆರಿಗೆ ಕಟ್ಟಿ ನವೀಕರಿಸಬೇಕು. ಕೊನೆಯ ನವೀಕರಣ ಯಾವಾಗ ಆಯಿತು, ಯಾವಾಗ ಮುಗಿಯುತ್ತದೆ ಎಂದು ನೋಡಿ. "ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ನೀವೇ ಮಾಡಿಸಿಕೊಳ್ಳಿ, ಏನೂ ತೊಂದರೆ ಇಲ್ಲ" ಎಂದರೆ, ತೊಂದರೆ ಇಲ್ಲದಿದ್ದರೆ ಅವರೇ ಯಾಕೆ ಮಾಡಿಸಲಿಲ್ಲ ಎಂದು ಕೇಳುವ ಹಕ್ಕು ನಿಮಗಿದೆ.

ಕೆಎ ಸರಣಿಗೆ ಮುಂಚಿನ ಮೂರಕ್ಷರದ ನಂಬರಿನ ಗಾಡಿಯಾದರೆ ಇನ್ನೊಂದು ಕೆಲಸ ಇದೆ. ಅಂಥ ಎಷ್ಟೋ ಗಾಡಿಗಳ ವಿವರ ಹಳೆ ರಿಜಿಸ್ಟರಿನಲ್ಲಿ ಮಾತ್ರ ಇದ್ದು, ಪರಿವಾಹನ್ ಜಾಲತಾಣಕ್ಕೆ ಏರಿರುವುದಿಲ್ಲ. ನಂಬರು ಹಾಕಿ ನೋಡಿ. ಬರದಿದ್ದರೆ ಗಾಡಿ ಕಳ್ಳಮಾಲು ಎಂದೇನೂ ಅಲ್ಲ. ಆದರೆ ಈಗಿನ ಮಾಲೀಕರು ಮೂಲ ಆರ್‌ಟಿಒಗೆ ಹೋಗಿ ಅದನ್ನು ಕಂಪ್ಯೂಟರಿಗೆ ಏರಿಸುವವರೆಗೆ ನಿಮ್ಮ ಹೆಸರಿಗೆ ವರ್ಗಾವಣೆ ಆಗುವುದಿಲ್ಲ. ಆ ಓಡಾಟ ಅವರದೇ ಆಗಿರಲಿ.

ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ಎನ್‌ಒಸಿ, ಅಂದರೆ ಫಾರಂ 28, ಇರಲೇಬೇಕು. ದೆಹಲಿ ಸುತ್ತಮುತ್ತ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳನ್ನು ಓಡಿಸುವುದಕ್ಕೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಹಳೆ ಯಮಹಾಗಳು ದಕ್ಷಿಣಕ್ಕೂ ಇಳಿದಿವೆ. ಬೆಲೆ ಆಕರ್ಷಕ. ಆದರೆ ಎನ್‌ಒಸಿ ಇಲ್ಲದೆ ಬಂದ ಗಾಡಿಗೆ ಇಲ್ಲಿ ನಂಬರು ಸಿಗದು.

"ಇದು ವಿಂಟೇಜ್ ಗಾಡಿ, ಅದಕ್ಕೆ ಬೇರೆ ಕಾನೂನು" ಎಂಬ ಮಾತೂ ಕಿವಿಗೆ ಬೀಳುತ್ತದೆ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ಆಗಿರಬೇಕು, ಮೂಲ ರೂಪದಲ್ಲಿರಬೇಕು. ನಮ್ಮಲ್ಲಿ ತಯಾರಾದ ಅತಿ ಹಳೆಯ ಆರ್‌ಡಿಗೂ ಆ ಯೋಗ ಬರುವುದು 2033ಕ್ಕೆ. ಬಂದರೂ ಆ ನೋಂದಣಿಯ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ.

ಕೊನೆಗೆ ಚಾಸಿ ನಂಬರು. ಹ್ಯಾಂಡಲ್ ಕೂರುವ ಹೆಡ್ ಪೈಪಿನ ಮೇಲೆ ಹೊಡೆದಿರುತ್ತಾರೆ. ಬಟ್ಟೆಗೆ ಸ್ವಲ್ಪ ಪೆಟ್ರೋಲು ಹಾಕಿ ಒರೆಸಿ, ಟಾರ್ಚ್ ಅಡ್ಡ ಹಿಡಿದು ನೋಡಿ. ಅಕ್ಷರಗಳ ಸುತ್ತ ಉಜ್ಜಿದ ಗುರುತು, ಒಂದು ಅಂಕಿ ಆಳ ಮತ್ತೊಂದು ಮೇಲು, ಆ ಜಾಗದಲ್ಲಿ ಮಾತ್ರ ದಪ್ಪ ಬಣ್ಣ, ಇವುಗಳಲ್ಲಿ ಒಂದು ಕಂಡರೂ ಬೈಕಿನ ಬಗ್ಗೆ ಮತ್ತೆ ಮಾತಾಡಬೇಡಿ. ನಿಮ್ಮ ಆರ್‌ಎಕ್ಸ್ ಅನ್ನೂ ಇದೇ ಕಣ್ಣಲ್ಲಿ ನೋಡಿ. ಆರ್‌ಎಕ್ಸ್100ಕ್ಕೆ ಬೆಲೆ ಏರಿದ ಮೇಲೆ ಆರ್‌ಎಕ್ಸ್‌ಜಿ, ಆರ್‌ಎಕ್ಸ್135 ಗಾಡಿಗಳಿಗೆ 100ರ ಸ್ಟಿಕ್ಕರ್ ಅಂಟಿಸಿ ಮಾರುವವರು ಹೆಚ್ಚಾಗಿದ್ದಾರೆ. ನೀವೇ ಗೊತ್ತಿಲ್ಲದೆ ಅಂಥದ್ದೊಂದನ್ನು ಇಟ್ಟುಕೊಂಡಿರಬಹುದು.

ಹೆಜ್ಜೆ 4: ತಣ್ಣಗಿನ ಎಂಜಿನ್

"ನಾನು ಬರುವ ದಿನ ಗಾಡಿ ಸ್ಟಾರ್ಟ್ ಮಾಡಬೇಡಿ" ಎಂದು ಹಿಂದಿನ ದಿನವೇ ಹೇಳಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಕಾರಣ ಕೇಳಿ, ಇನ್ನೊಂದು ದಿನ ಬನ್ನಿ.

ಎರಡೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಡಿ. ಎರಡರ ಬಣ್ಣವೂ ಒಂದೇ ತರಹ, ಕಂದು ಇರಬೇಕು. ಒಂದು ಕಂದು, ಇನ್ನೊಂದು ಬೆಳ್ಳಗೆ ಸುಣ್ಣದಂತಿದ್ದರೆ ಬಿಳಿಯ ಕಡೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿಟ್ಟು, ಐದಾರು ಸಲ ಕಿಕ್ ಹೊಡೆಯಿರಿ. ಎಡ-ಬಲಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸಿಲಿಂಡರ್ ಬಿಚ್ಚುವ ಖರ್ಚು ಲೆಕ್ಕಕ್ಕೆ ಸೇರಿಸಿ.

ಬಿಚ್ಚಿದಾಗ ಕೇಳಬೇಕಾದದ್ದು ಬೋರು ಎಷ್ಟನೆಯ ಓವರ್‌ಸೈಜಿಗೆ ಬಂದಿದೆ, ಅಂದರೆ ಸವೆದ ಸಿಲಿಂಡರನ್ನು ಎಷ್ಟರ ಮಟ್ಟಿಗೆ ಕೊರೆದು ಅಗಲ ಮಾಡಿದ್ದಾರೆ ಎಂಬುದು. ಪಿಸ್ಟನ್ನುಗಳು 0.25 ಎಂಎಂ ಅಂತರದಲ್ಲಿ ನಾಲ್ಕು ಅಳತೆಗೆ, 1.00 ಎಂಎಂವರೆಗೆ ಬರುತ್ತವೆ. ಅಳತೆ ಪಿಸ್ಟನ್ ತಲೆಯ ಮೇಲೇ ಇರುತ್ತದೆ. ಕೊನೆಯ ಅಳತೆಗೆ ಬಂದಿದ್ದರೆ ಮುಂದೆ ಹೊಸ ಸ್ಲೀವ್ (ಸಿಲಿಂಡರಿನ ಒಳ ಕೊಳವೆ) ಹಾಕಿಸಬೇಕು, ಅದೂ ಎರಡು ಸಿಲಿಂಡರಿಗೆ.

ಹೆಜ್ಜೆ 5: ಗಾಳಿ ಪರೀಕ್ಷೆ

ಇಷ್ಟು ಹೆಜ್ಜೆಗಳಲ್ಲಿ ಒಂದನ್ನೇ ಮಾಡುವಷ್ಟು ಪುರಸೊತ್ತಿದ್ದರೆ ಇದನ್ನು ಮಾಡಿ.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ (ಪಿಸ್ಟನ್ನಿಗೆ ಜೋಡಿಸಿದ ಕ್ರ್ಯಾಂಕ್ ದಂಡ ತಿರುಗುವ ಕೆಳಗಿನ ಪೆಟ್ಟಿಗೆ) ಕೂಡ ಪಂಪಿನ ಹಾಗೆ ಕೆಲಸ ಮಾಡುತ್ತದೆ. ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲುಗಳು ಗಾಳಿ ಬಿಡದಂತೆ ಹಿಡಿದಿರಬೇಕು. ವರ್ಷಗಟ್ಟಲೆ ನಿಂತ ಆರ್‌ಡಿಯಲ್ಲಿ ಆ ರಬ್ಬರು ಕಲ್ಲಾಗಿರುತ್ತದೆ. ಬಲಗಡೆ, ಕ್ಲಚ್ ಬದಿಯ ಸೀಲು ಹೋದರೆ ಗೇರ್ ಆಯಿಲನ್ನು ಎಳೆದು ಸುಡುತ್ತದೆ. ಬಲದ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಎಡಗಡೆ, ಪಾಯಿಂಟ್ ಬದಿಯ ಸೀಲು ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಹೊಗೆ ಇಲ್ಲ, ಶಬ್ದ ಇಲ್ಲ. ಗಾಡಿ ಮೊದಲಿಗಿಂತ ಚುರುಕಾಗಿದೆ ಎಂದೂ ಅನಿಸಬಹುದು. ಹೆದ್ದಾರಿಯಲ್ಲಿ ಜೋರಾಗಿ ಹೋಗುವಾಗ ಪೆಟ್ರೋಲು, ಆಯಿಲು ಸಾಲದೆ ಪಿಸ್ಟನ್ ಹಿಡಿದು, ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ನನ್ನ ಗೆಳೆಯನೊಬ್ಬ ಹೀಗೇ ಬಿದ್ದು ಭುಜದ ಮೂಳೆ ಮುರಿದುಕೊಂಡ. ಗಾಡಿ ತಂದು ಇನ್ನೂ ಎರಡು ವಾರ ಆಗಿರಲಿಲ್ಲ.

ಪರೀಕ್ಷೆ ಮಾಡುವುದು ಹೀಗೆ. ಎರಡೂ ಕಾರ್ಬ್ಯುರೇಟರ್, ಎರಡೂ ಸೈಲೆನ್ಸರ್ ಬಿಚ್ಚಿ. ಎಗ್ಸಾಸ್ಟ್ ಬಾಯಿಗಳನ್ನು ಬಿಗಿಯಾದ ರಬ್ಬರ್ ಬಿರಡೆಯಿಂದ ಮುಚ್ಚಿ. ಒಂದು ಇನ್‌ಟೇಕ್ ರಬ್ಬರಿಗೆ ಬಿರಡೆ, ಇನ್ನೊಂದಕ್ಕೆ ಟ್ಯೂಬ್ ಕೂರಿಸಿದ ಬಿರಡೆ ಹಾಕಿ ಕ್ಲಿಪ್ಪು ಬಿಗಿ ಮಾಡಿ. ಪ್ಲಗ್ಗುಗಳು ಅವುಗಳ ಜಾಗದಲ್ಲೇ ಇರಲಿ. ಎರಡೂ ಬದಿಯನ್ನು ಒಟ್ಟಿಗೆ ಮುಚ್ಚುವುದಕ್ಕೆ ಕಾರಣವಿದೆ. ಎರಡು ಕ್ರ್ಯಾಂಕ್ ಕೋಣೆಗಳ ನಡುವೆ ಇರುವುದು ರಬ್ಬರ್ ಸೀಲಲ್ಲ, ಲ್ಯಾಬಿರಿಂತ್ ಸೀಲು, ಅಂದರೆ ಗೀರುಗಳಿರುವ ಲೋಹದ ಬಳೆ. ಅದರ ಮೂಲಕ ಗಾಳಿ ನಿಧಾನವಾಗಿ ಆಚೀಚೆ ಹೋಗುತ್ತದೆ. ಒಂದೇ ಬದಿ ಮುಚ್ಚಿದರೆ ಒಳ್ಳೆಯ ಎಂಜಿನ್ನೂ ಸೋರಿದಂತೆ ಕಾಣುತ್ತದೆ.

ಈಗ ಗಾಳಿ ತುಂಬಿ. ಬಿಪಿ ನೋಡುವ ಮೀಟರಿನ ಬಲೂನು ಮತ್ತು ಮುಳ್ಳು ಸಾಕು. ಅದರ 300ರ ಗೆರೆ ಹತ್ತಿರ ಹತ್ತಿರ 6 ಪಿಎಸ್‌ಐಗೆ (ಟೈರಿನ ಗಾಳಿ ಅಳೆಯುವ ಮಾನ) ಸಮ. ಅದಕ್ಕಿಂತ ಹೆಚ್ಚು ಹಾಕಬೇಡಿ, ಒಳ್ಳೆಯ ಸೀಲೂ ಹಾರಿಹೋದೀತು. ಆರು ನಿಮಿಷ ಕಾಯಿರಿ. ಮುಳ್ಳು ನಿಮಿಷಕ್ಕೆ 1 ಪಿಎಸ್‌ಐಗಿಂತ ಬೇಗ ಇಳಿಯುತ್ತಿದ್ದರೆ ಸೋಪು ನೀರು ಬಳಿಯಿರಿ. ಮೊದಲು ನೀವೇ ಹಾಕಿದ ಬಿರಡೆಗಳ ಸುತ್ತ, ಆಮೇಲೆ ಸಿಲಿಂಡರಿನ ಬುಡ, ಇನ್‌ಟೇಕ್ ರಬ್ಬರು, ಕೊನೆಗೆ ಎಡಗಡೆಯ ಕವರ್ ತೆಗೆದು ಸೀಲಿನ ಬಳಿ. ಗುಳ್ಳೆ ಎದ್ದ ಜಾಗವೇ ಸೋರುವ ಜಾಗ.

ಇದಕ್ಕೆ ಅರ್ಧ ದಿನ ಹಿಡಿಯುತ್ತದೆ. ಮಾಲೀಕರು ಒಪ್ಪುವುದಿಲ್ಲ ಎಂದು ಹಿಂಜರಿಯಬೇಡಿ. "ಮೆಕ್ಯಾನಿಕ್ ಕೂಲಿ ನನ್ನದು, ನಿಮ್ಮ ಮೆಕ್ಯಾನಿಕ್ಕೇ ಬಿಚ್ಚಲಿ, ಬಂದ ಫಲಿತಾಂಶ ಇಬ್ಬರಿಗೂ ಗೊತ್ತಿರಲಿ, ನನ್ನ ಗಾಡಿಗೂ ಇದೇ ಪರೀಕ್ಷೆ ಮಾಡಿಸಿ" ಎಂದು ಕೇಳಿ. ನಾನು ಕೇಳಿದ್ದು ಹೀಗೆಯೇ, ಅವರು ಒಪ್ಪಿದರು. ನನ್ನ ಆರ್‌ಎಕ್ಸ್‌ನಲ್ಲಿ ಮುಳ್ಳು ಆರು ನಿಮಿಷ ನಿಂತಿತು. ಅವರ ಆರ್‌ಡಿಯ ಮುಳ್ಳು ಒಂದೂವರೆ ನಿಮಿಷದಲ್ಲಿ ಕೆಳಗೆ ಬಂತು, ಎಡಗಡೆ ಗುಳ್ಳೆ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಹಿಂದಿನ ವಾರವಷ್ಟೇ ಆ ಗಾಡಿಯಲ್ಲಿ ಮಗನನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೋಗಿಬಂದಿದ್ದರಂತೆ. ಆ ಮಾತು ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಹೆಜ್ಜೆ 6: ಓಡಿಸಿ ನೋಡುವುದು

ಸೀಲು ಸರಿ ಇಲ್ಲದ ಆರ್‌ಡಿಯನ್ನು ಓಡಿಸಲೇ ಬೇಡಿ. ಸರಿ ಇದ್ದರೆ ಹದಿನೈದು ಕಿ.ಮೀ. ಸಾಕು. ಆರೂ ಗೇರಿನಲ್ಲಿ ಎಳೆಸಿ ನೋಡಿ, ಯಾವುದಾದರೂ ಗೇರು ಹೊರಗೆ ಜಿಗಿಯುತ್ತದೆಯೇ ಗಮನಿಸಿ. ನಿಲ್ಲಿಸುವಾಗ ಮುಂದಿನ ಡ್ರಮ್ ಬ್ರೇಕನ್ನು ಎರಡು ಮೂರು ಸಲ ಒತ್ತಾಗಿ ಹಿಡಿಯಿರಿ. ಮೂರನೆಯ ಸಲ ಅದು ಮೊದಲಿನಷ್ಟು ಹಿಡಿಯುವುದಿಲ್ಲ. ಆ ಶಕ್ತಿಗೆ ಈ ಬ್ರೇಕ್ ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರೊಂದಿಗೆ ಹೊಂದಿಕೊಂಡು ಓಡಿಸುವ ಸಂಯಮ ನಿಮಗಿದೆಯೇ ಎಂದು ಅಲ್ಲೇ ತೀರ್ಮಾನಿಸಿ.

ಹೆಜ್ಜೆ 7: ಲೆಕ್ಕ

ಎರಡೂ ಗಾಡಿಗೆ ಒಂದೇ ಸೂತ್ರ. ನಿಮ್ಮ ಕಡೆ ಕಾಗದ, ಎಂಜಿನ್ ಎಲ್ಲ ಸರಿಯಿರುವ ಅಂಥದ್ದೇ ಗಾಡಿ ಎಷ್ಟಕ್ಕೆ ಕೈ ಬದಲಾಗುತ್ತಿದೆ ಎಂದು ವಿಚಾರಿಸಿ. ಕೇಳುವ ಬೆಲೆ ಬೇಡ, ಕೊಟ್ಟ ಬೆಲೆ ಬೇಕು. ಅದರಿಂದ ಈ ಗಾಡಿಯನ್ನು ಆ ಸ್ಥಿತಿಗೆ ತರುವ ಖರ್ಚನ್ನು ಕಳೆಯಿರಿ.

ಊಹೆಯ ಅಂಕಿ ಇಟ್ಟು ಹೇಳುವುದಾದರೆ: ಸರಿಯಾದ ಆರ್‌ಡಿ 3 ಲಕ್ಷ ಎಂದಿಟ್ಟುಕೊಳ್ಳಿ, ಎದುರಿನ ಗಾಡಿಗೆ 80 ಸಾವಿರದ ಕೆಲಸ ಇದೆ. ಅದರ ಬೆಲೆ 2.2 ಲಕ್ಷ. ಸರಿಯಾದ ಆರ್‌ಎಕ್ಸ್ 1.2 ಲಕ್ಷ, ನಿಮ್ಮದಕ್ಕೆ 10 ಸಾವಿರದ ಕೆಲಸ, ಉಳಿದದ್ದು 1.1 ಲಕ್ಷ. ಮೇಲೆ ಹಾಕಬೇಕಾದದ್ದು 1.1 ಲಕ್ಷ, ಸರಿಯಾದ ಗಾಡಿಗಳ ಬೆಲೆಯನ್ನಷ್ಟೇ ಕಳೆದು ಅವರು ಕೇಳುವ 1.8 ಲಕ್ಷ ಅಲ್ಲ. ಆದರೆ ನಿಮ್ಮ ಜೇಬಿನಿಂದ ಒಟ್ಟು ಹೋಗುವುದು ರಿಪೇರಿಯ 80 ಸಾವಿರವೂ ಸೇರಿ 1.9 ಲಕ್ಷ. ಅಷ್ಟು ಕೈಯಲ್ಲಿಲ್ಲದೆ ಕೈ ಹಾಕಿದರೆ ಗಾಡಿ ಬಿಚ್ಚಿದ ಸ್ಥಿತಿಯಲ್ಲೇ ಮೂಟೆಯೊಳಗೆ ವರ್ಷಗಟ್ಟಲೆ ಬಿದ್ದಿರುತ್ತದೆ. ಇಂಥ ಎರಡು ಮೂಟೆ ನಾನೇ ನೋಡಿದ್ದೇನೆ.

ಖರ್ಚು ಅಂದಾಜು ಮಾಡುವಾಗ ಬಿಡಿಭಾಗ ಸಿಗುವ ಸುಲಭವನ್ನೂ ತೂಗಿ. ಆರ್‌ಎಕ್ಸ್‌ನ ಕ್ಲಚ್ ಪ್ಲೇಟು, ಕೇಬಲ್ಲು ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಕ್ಕೀತು. ಆರ್‌ಡಿಯ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕು, ಇಲ್ಲವೇ ಹೊರದೇಶದಿಂದ ತರಿಸಬೇಕು. ಕ್ರ್ಯಾಂಕ್ ಒತ್ತಿ ಬಿಚ್ಚಿ, ಮತ್ತೆ ನೇರಕ್ಕೆ ಕೂರಿಸುವ ಕೈ ಎಲ್ಲ ಊರಲ್ಲೂ ಇಲ್ಲ. ಅಂಥ ಮೆಕ್ಯಾನಿಕ್ ಎಲ್ಲಿದ್ದಾರೆ, ಅವರ ಬಳಿ ಗಾಡಿ ಎಷ್ಟು ತಿಂಗಳು ಸಾಲಿನಲ್ಲಿ ನಿಲ್ಲುತ್ತದೆ ಎಂದು ಮೊದಲೇ ಮಾತಾಡಿ.

ಹೆಜ್ಜೆ 8: ಕೊಡು-ಕೊಳ್ಳುವ ದಿನ

ಅದಲುಬದಲಿ ಅಂದರೆ ಕಾನೂನಿನ ಕಣ್ಣಿಗೆ ಎರಡು ಮಾರಾಟ. ಫಾರಂ 29, ಫಾರಂ 30 ಎರಡೂ ಗಾಡಿಗೆ ಬೇರೆ ಬೇರೆ. ಮೇಲೆ ಹಾಕುವ ಹಣ ಬ್ಯಾಂಕಿನ ಮೂಲಕ ಹೋಗಲಿ. ಖಾಲಿ ಫಾರಮ್ಮಿಗೆ ಸಹಿ ಹಾಕಿ "ಯಾವಾಗಲಾದರೂ ವರ್ಗ ಮಾಡಿಸಿಕೊಳ್ಳಿ" ಎನ್ನುವ ಪದ್ಧತಿ ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ನೀವು ಕೊಟ್ಟ ಆರ್‌ಎಕ್ಸ್ ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರ ಮೇಲೆಯೇ ಬರುತ್ತದೆ, 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ವಿಮೆಯ ಹೆಸರು ಬದಲಾವಣೆಗೆ 14 ದಿನ ಇದೆ, ಅಷ್ಟರೊಳಗೆ ಅರ್ಜಿ ಕೊಡಿ.

ನಮ್ಮ ವಿಷಯದಲ್ಲಿ ಅವರು ಕ್ರ್ಯಾಂಕ್ ಸೀಲು ಹಾಕಿಸಿ, ಮತ್ತೆ ಗಾಳಿ ಪರೀಕ್ಷೆ ಮಾಡಿಸಿ ತೋರಿಸುವುದು, ಖರ್ಚಿನಲ್ಲಿ ಅರ್ಧ ನಾನು ಕೊಡುವುದು ಎಂದು ಮಾತಾಯಿತು. ಎರಡನೆಯ ಸಲ ಮುಳ್ಳು ನಿಂತಿತು. ಅಂದೇ ಒಪ್ಪಿಕೊಂಡೆ.

ಹೆಜ್ಜೆ 9: ಮೊದಲ 500 ಕಿ.ಮೀ.

ಬಂದ ಆರ್‌ಡಿಯ ಟೂ-ಟಿ ಆಯಿಲ್ (ಪೆಟ್ರೋಲಿನ ಜೊತೆ ಸುಡುವ ಟೂ-ಸ್ಟ್ರೋಕ್ ಎಣ್ಣೆ) ಪಂಪನ್ನು ನಂಬುವ ಮೊದಲು ಅದು ಕೆಲಸ ಮಾಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅಲ್ಲಿಯವರೆಗೆ ಪೆಟ್ರೋಲ್ ಟ್ಯಾಂಕಿಗೂ ಲೀಟರಿಗೆ 20 ಎಂಎಲ್ ಆಯಿಲ್ ಬೆರೆಸಿ. ಹೊಗೆ ಜಾಸ್ತಿಯಾಗುತ್ತದೆ, ಪಿಸ್ಟನ್ ಉಳಿಯುತ್ತದೆ. ಡಯಲ್ ಗೇಜ್ ಇಟ್ಟು ಎರಡೂ ಪಾಯಿಂಟಿನ ಟೈಮಿಂಗ್ ಬೇರೆ ಬೇರೆಯಾಗಿ ಕೂರಿಸಿ. ಹೊಸ ಎನ್‌ಜಿಕೆ ಬಿ8ಎಚ್‌ಎಸ್ ಪ್ಲಗ್ ಹಾಕಿ, ನೂರು ಕಿ.ಮೀ.ಗೊಮ್ಮೆ ಬಿಚ್ಚಿ ಬಣ್ಣ ನೋಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ, ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಾಲುವುದಿಲ್ಲ. ಪ್ಲಗ್ ಬೆಳ್ಳಗಾಗುತ್ತಿದ್ದರೆ ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹರಿಯುವ ತೂತಿನ ತಿರುಪು) ಒಂದಳತೆ ದೊಡ್ಡದು ಮಾಡಿ. ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿ ನಿಲ್ಲಿಸಿ.

ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. ನನ್ನ ಆರ್‌ಎಕ್ಸ್‌ಗೆ ಅಂಥದ್ದೊಂದು ಇತ್ತು. ಯಾವ ವರ್ಷ ಬೋರು ಮಾಡಿಸಿದೆ, ಯಾವ ಜೆಟ್ಟು, ಮಳೆಗಾಲದಲ್ಲಿ ಯಾವ ವೈರು ಒದ್ದೆಯಾಗಿ ಹಾರ್ನ್ ನಿಲ್ಲುತ್ತದೆ, ಎಲ್ಲ ಅದರಲ್ಲಿತ್ತು. ಕೀಲಿಯ ಜೊತೆ ಅದನ್ನೂ ಕೊಟ್ಟೆ. ಜೂನ್ ಎರಡನೆಯ ವಾರ ಅವರ ಫೋನು ಬಂತು: "ಸಾರ್, ಹಾರ್ನ್ ನಿಂತಿತ್ತು. ನಿಮ್ಮ ಪುಸ್ತಕದ ಹದಿನೇಳನೇ ಪುಟ ನೋಡಿ ಸರಿ ಮಾಡಿಕೊಂಡೆ."